ಹೋದ ದುಡ್ಡಿನ ಲೆಕ್ಕ ಮುಚ್ಚುವುದು ಹೇಗೆ?

ಪ್ರಶ್ನೆ: ನನಗೆ 34 ವರ್ಷ. ಆರು ವರ್ಷದಿಂದ ಫೋನಿನಲ್ಲಿ ಬೆಟ್ಟಿಂಗ್ ಆಡುತ್ತಿದ್ದೇನೆ. ಮೊದಲು ಪಂದ್ಯ ಇದ್ದ ದಿನ ಮಾತ್ರ, ಸುಮ್ನೆ ಮಜಾಕ್ಕೆ. ಈಗ ಪಂದ್ಯ ಇಲ್ಲದಿದ್ದರೂ ರಾತ್ರಿ ಕಾರ್ಡ್ಸ್ ಅಥವಾ ಚಿತ್ರಗಳು ತಿರುಗಿ ಒಂದೇ ಸಾಲಿಗೆ ನಿಂತರೆ ದುಡ್ಡು ಬರುವ ಸ್ಲಾಟ್ ಏನಾದರೂ ಬೇಕು. ಹತ್ತು ತಿಂಗಳ ಹಿಂದೆ ಸಾಲ ಕುತ್ತಿಗೆಗೆ ಬಂದಾಗ ಅಣ್ಣ ತೀರಿಸಿದರು. ಇನ್ನು ಮುಟ್ಟಲ್ಲ ಎಂದು ಮಾತು ಕೊಟ್ಟೆ. ನಾಲ್ಕು ತಿಂಗಳು ಮುಟ್ಟಲೂ ಇಲ್ಲ. ಈಗ ಮತ್ತೆ ಅಷ್ಟೇ ಸಾಲ ಇದೆ, ಹೆಂಡತಿಗೆ ಗೊತ್ತಿಲ್ಲ. ನಾನು ಕುಡಿಯುವುದಿಲ್ಲ, ಕೆಲಸ ತಪ್ಪಿಸುವುದಿಲ್ಲ. ಚಟ ಅನ್ನುವಷ್ಟು ಆಗಿಲ್ಲ ಅನಿಸುತ್ತದೆ. ಪೂರ್ತಿ ಬಿಡದೆ ಮಿತಿಯಲ್ಲಿ ಆಡುವುದು ಹೇಗೆ? ಹೋದದ್ದನ್ನು ನಿಧಾನವಾಗಿ ವಾಪಸ್ ಪಡೆದು ಆಮೇಲೆ ನಿಲ್ಲಿಸಬೇಕು ಅಂದುಕೊಂಡಿದ್ದೇನೆ.

ಉತ್ತರ: ನಿಮ್ಮ ಪತ್ರದ ಕೊನೆಯ ವಾಕ್ಯವನ್ನು ಎರಡು ಸಲ ಓದಿದೆ. ಜೂಜಿನಿಂದ ಕೈ ಸುಟ್ಟುಕೊಂಡು ನನ್ನ ಹತ್ತಿರ ಬರುವವರು ಹೆಚ್ಚುಕಮ್ಮಿ ಎಲ್ಲರೂ ಇದನ್ನೇ ಹೇಳುತ್ತಾರೆ. ಕೆಲವರು ಇನ್ನೂ ಸ್ವಲ್ಪ ಮುಂದೆ ಹೋಗಿ, ‘ಒಂದೇ ಒಂದು ದೊಡ್ಡ ಗೆಲುವು ಸಾಕು ಡಾಕ್ಟ್ರೇ, ಅವತ್ತೇ ಬಿಡ್ತೀನಿ’ ಅನ್ನುತ್ತಾರೆ. ಆ ದೊಡ್ಡ ಗೆಲುವು ಬಂದವರೂ ಬಂದಿದ್ದಾರೆ. ಬಿಟ್ಟಿರಲಿಲ್ಲ.

ನೇರವಾಗಿ ಹೇಳಿಬಿಡುತ್ತೇನೆ. ನೀವು ಈಗ ಇರುವ ಜಾಗದಿಂದ ಮಿತಿಗೆ ವಾಪಸ್ ಹೋಗುವ ದಾರಿಯನ್ನು ನಾನು ತೋರಿಸುವುದಿಲ್ಲ. ಪೂರ್ತಿ ನಿಲ್ಲಿಸಬೇಕು. ಅದಕ್ಕೆ ಸಹಾಯವನ್ನೂ ತೆಗೆದುಕೊಳ್ಳಬೇಕು.

‘ಚಟ ಅನ್ನುವಷ್ಟು ಆಗಿಲ್ಲ’ ಅಂದಿದ್ದೀರಿ. ಜೂಜಿಗೆ ವಾಸನೆ ಇಲ್ಲ, ತೂರಾಟ ಇಲ್ಲ, ಕಣ್ಣು ಕೆಂಪಾಗುವುದಿಲ್ಲ. ಹಾಸಿಗೆಯಲ್ಲಿ ಪಕ್ಕದಲ್ಲೇ ಮಲಗಿದವರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಇದು ಬಹಳ ತಡವಾಗಿ ಸಿಕ್ಕಿಬೀಳುತ್ತದೆ. ವೈದ್ಯರೂ ಇದನ್ನು ಅರ್ಥ ಮಾಡಿಕೊಳ್ಳಲು ಸಮಯ ತೆಗೆದುಕೊಂಡರು. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಜೂಜಿನ ಕಾಯಿಲೆ 1980ರಲ್ಲೇ ಸೇರಿತ್ತು. ಆದರೆ ಅದನ್ನು ಇಟ್ಟಿದ್ದು ಮನಸ್ಸಿನ ತುಡಿತ ತಡೆಯಲಾಗದವರ ಗುಂಪಿನಲ್ಲಿ, ಅಂದರೆ ಕದಿಯುವ ಚಾಳಿ, ಬೆಂಕಿ ಹಚ್ಚುವ ಚಾಳಿ ಇವುಗಳ ಜೊತೆ. 2013ರಲ್ಲಿ ಅದನ್ನು ಅಲ್ಲಿಂದ ತೆಗೆದು ಹೆಂಡ, ಹೆರಾಯಿನ್, ತಂಬಾಕು ಇರುವ ಅಧ್ಯಾಯಕ್ಕೆ ಹಾಕಿದರು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲೂ 2022ರಿಂದ ಅದರ ಜಾಗ ಚಟಗಳ ಪಕ್ಕದಲ್ಲೇ.

ಆ ಕೈಪಿಡಿಯಲ್ಲಿ ಒಂಬತ್ತು ಲಕ್ಷಣಗಳಿವೆ. ಒಂದು ವರ್ಷದೊಳಗೆ ನಾಲ್ಕು ಕಾಣಿಸಿದರೆ ಕಾಯಿಲೆ ಎಂದು ಲೆಕ್ಕ. ನಿಮ್ಮ ಪತ್ರದಲ್ಲೇ ನಾಲ್ಕು ಸಿಕ್ಕವು. ಸೋತದ್ದನ್ನು ಗೆಲ್ಲಲು ಮತ್ತೆ ಆಡುವುದು, ಮನೆಯವರಿಂದ ಮುಚ್ಚಿಡುವುದು, ಬಿಡಲು ಹೋಗಿ ಸೋಲುವುದು, ಜೂಜಿನ ಸಾಲಕ್ಕೆ ಬೇರೆಯವರ ಮುಂದೆ ಕೈ ಚಾಚುವುದು. ಮಿಕ್ಕ ಐದನ್ನು ನೀವೇ ನೋಡಿಕೊಳ್ಳಿ: ಅದೇ ಖುಷಿಗೆ ಮೊದಲಿಗಿಂತ ದೊಡ್ಡ ಮೊತ್ತ ಬೇಕಾಗುತ್ತಿದೆಯೇ? ಆಡದಿದ್ದರೆ ಸಿಡುಕು ಬರುತ್ತದೆಯೇ? ತಲೆಯಲ್ಲಿ ದಿನವಿಡೀ ಅದೇ ಓಡುತ್ತದೆಯೇ? ಬೇಜಾರಾದಾಗ, ಟೆನ್ಷನ್ ಆದಾಗ ಕೈ ಅಲ್ಲಿಗೇ ಹೋಗುತ್ತದೆಯೇ? ಸಂಬಂಧಕ್ಕೋ ಕೆಲಸಕ್ಕೋ ಏಟು ಬಿದ್ದಿದೆಯೇ? ಪತ್ರ ಓದಿ ಯಾರೂ ರೋಗ ಹೆಸರಿಸಬಾರದು, ನಾನೂ ಹೆಸರಿಸುತ್ತಿಲ್ಲ. ಎದುರು ಕೂತು ಮಾತಾಡುವ ವೈದ್ಯರು ಆ ಕೆಲಸ ಮಾಡಲಿ. ಆದರೆ ‘ಅಷ್ಟೊಂದು ಆಗಿಲ್ಲ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಇನ್ನು ವಾಪಸ್ ಗೆಲ್ಲುವ ವಿಷಯ. ಇದನ್ನು ನೀತಿಯ ಮಾತಿನಿಂದ ಹೇಳಿದರೆ ಯಾರೂ ಕೇಳುವುದಿಲ್ಲ, ಲೆಕ್ಕದಿಂದಲೇ ಹೇಳುತ್ತೇನೆ.

ರೂಲೆಟ್ ಅಂದರೆ ತಿರುಗುವ ಚಕ್ರದಲ್ಲಿ ಚೆಂಡು ಯಾವ ಮನೆಗೆ ಬೀಳುತ್ತದೆ ಎಂದು ಕಟ್ಟುವ ಜೂಜು. ಆ ಚಕ್ರದಲ್ಲಿ 37 ಮನೆಗಳಿರುತ್ತವೆ. ಕೆಂಪು 18, ಕಪ್ಪು 18, ಒಂದು ಹಸಿರು ಸೊನ್ನೆ. ಕೆಂಪಿಗೆ ಕಟ್ಟಿದರೆ ಗೆಲ್ಲುವ ಮನೆ 18, ಸೋಲುವ ಮನೆ 19. ಈ ಒಂದೇ ಒಂದು ಹಸಿರು ಮನೆಯಿಂದ ಆಡಿಸುವವನಿಗೆ ಸಿಗುವುದು ಕಟ್ಟಿದ ದುಡ್ಡಿನ 2.7 ಶೇಕಡಾ. ಎರಡು ಸೊನ್ನೆ ಇರುವ ಚಕ್ರದಲ್ಲಿ 5.26. ಇಷ್ಟೇನಾ ಅನಿಸುತ್ತದೆ, ಅಲ್ವಾ? ಮೋಸ ಇರುವುದು ಆ ‘ಇಷ್ಟೇ’ಯಲ್ಲೇ. ಹಾಕಿದ್ದರಲ್ಲಿ 92 ಶೇಕಡಾ ವಾಪಸ್ ಕೊಡುವ ಸ್ಲಾಟ್ ಇದೆ ಅಂದುಕೊಳ್ಳಿ. ನೂರು ಹಾಕಿದಿರಿ, ಸರಾಸರಿ 92 ಬಂತು. ಯಾರಾದರೂ ಆ 92 ತೆಗೆದುಕೊಂಡು ಎದ್ದು ಹೋಗುತ್ತಾರೆಯೇ? ಮತ್ತೆ ಅದನ್ನೇ ಹಾಕುತ್ತಾರೆ. ಹೀಗೆ ಹತ್ತು ಸುತ್ತು ತಿರುಗಿದರೆ ಉಳಿಯುವುದು ಸುಮಾರು 43. ಫೋನಿನಲ್ಲಿ ಹತ್ತು ಸುತ್ತಿಗೆ ಎಷ್ಟು ಹೊತ್ತು ಬೇಕು ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

‘ನಾನು ಪಂದ್ಯ ಬಲ್ಲೆ, ಇದು ಅದೃಷ್ಟದ ಆಟ ಅಲ್ಲ’ ಅನ್ನುತ್ತೀರಿ ಅಂತ ಗೊತ್ತು. ಸರಿ. ಸಮಬಲದ ಎರಡು ತಂಡ ಆಡುತ್ತಿವೆ. ನ್ಯಾಯವಾಗಿ ಎರಡಕ್ಕೂ 2.00 ಕೊಡಬೇಕು, ಅಂದರೆ ಒಂದು ರೂಪಾಯಿ ಕಟ್ಟಿ ಗೆದ್ದರೆ ಎರಡು ರೂಪಾಯಿ ಕೈಗೆ ಬರಬೇಕು. ಆ್ಯಪ್ ಕೊಡುವುದು 1.90 ಅಂತಿಟ್ಟುಕೊಳ್ಳಿ. ಆಗ ನೀವು ನೂರರಲ್ಲಿ 53 ಸಲ ಸರಿಯಾಗಿ ಹೇಳಿದರೆ ಮಾತ್ರ ಕೈಯಿಂದ ಹೋಗುವುದಿಲ್ಲ. ಅರ್ಧಕ್ಕರ್ಧ ಸರಿ ಹೇಳುವ ಜಾಣನೂ ಸೋಲುತ್ತಾನೆ. ಕಾರ್ಡ್ಸ್‌ನಲ್ಲಿ ಪ್ರತಿ ಆಟದಿಂದ ಕಮಿಷನ್ ಹೋಗುತ್ತದೆ, ಗೆದ್ದವರಿಂದಲೂ.

ಸೋತಾಗ ದುಪ್ಪಟ್ಟು ಹಾಕುವ ಉಪಾಯವನ್ನು ನೀವೂ ಮಾಡಿ ನೋಡಿರುತ್ತೀರಿ. 1ರಿಂದ ಶುರು ಮಾಡಿ ಸತತ ಹತ್ತು ಸಲ ಸೋತರೆ ಹೋಗಿದ್ದು 1023. ಹನ್ನೊಂದನೇ ಆಟಕ್ಕೆ 1024 ಹಾಕಬೇಕು. ಗೆದ್ದರೆ ಕೊನೆಗೆ ಸಿಗುವ ಲಾಭ ಎಷ್ಟು? 1. ಸತತ ಹತ್ತು ಸೋಲು ಎಲ್ಲಿ ಬರುತ್ತೆ ಬಿಡಿ ಅನ್ನಬೇಡಿ. ರೂಲೆಟ್‌ನಲ್ಲಿ ಕೆಂಪಿಗೇ ಕಟ್ಟುತ್ತಾ ಕೂತರೆ ಯಾವುದೇ ಹತ್ತು ಸುತ್ತಿನಲ್ಲಿ ಹಾಗಾಗುವ ಸಾಧ್ಯತೆ ಸುಮಾರು 784ಕ್ಕೆ ಒಂದು. ದಿನಾ ಇನ್ನೂರು ಮುನ್ನೂರು ಸುತ್ತು ಆಡುವವರಿಗೆ ಅದೇನು ದೂರದ ಮಾತಲ್ಲ. 1913ರ ಆಗಸ್ಟ್ 18ರ ರಾತ್ರಿ ಮಾಂಟೆ ಕಾರ್ಲೊದ ಕ್ಯಾಸಿನೊದಲ್ಲಿ ರೂಲೆಟ್ ಚೆಂಡು ಸತತ 26 ಸಲ ಕಪ್ಪಿಗೇ ಬಿತ್ತು. ‘ಇಷ್ಟು ಕಪ್ಪು ಆಯ್ತು, ಇನ್ನು ಕೆಂಪು ಬರಲೇಬೇಕು’ ಎಂದು ಜನ ಮುಗಿಬಿದ್ದು ಕಟ್ಟಿದರು. ಬರಲೇಬೇಕು ಅನ್ನುವುದು ಚೆಂಡಿಗೆ ಗೊತ್ತಿರಲಿಲ್ಲ.

ಲೆಕ್ಕ ಇಷ್ಟು ಸರಳ ಇದ್ದರೂ ಬುದ್ಧಿವಂತರು ಯಾಕೆ ಸಿಕ್ಕಿಹಾಕಿಕೊಳ್ಳುತ್ತಾರೆ? ಆಟವನ್ನು ಹೆಣೆದಿರುವುದೇ ಹಾಗೆ. ಗೆಲುವು ಯಾವಾಗ ಬರುತ್ತದೆಂದು ಗೊತ್ತಿಲ್ಲದಿದ್ದಾಗ ಪ್ರಾಣಿ ಸುಲಭಕ್ಕೆ ಕೈಬಿಡುವುದಿಲ್ಲ. ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗಗಳಿಂದ ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಇದನ್ನು ಕಳೆದ ಶತಮಾನದಲ್ಲೇ ತೋರಿಸಿದ್ದರು. ಇನ್ನೊಂದು ‘ಸ್ವಲ್ಪದರಲ್ಲಿ ತಪ್ಪಿತು’ ಅನ್ನುವುದು. ಸ್ಲಾಟ್‌ನ ಮೂರು ಚಿತ್ರಗಳಲ್ಲಿ ಎರಡು ಕೂಡಿ, ಮೂರನೆಯದು ಒಂದು ಮೆಟ್ಟಿಲು ಮೇಲೆ ನಿಲ್ಲುತ್ತದೆ. ಅದು ನೂರಕ್ಕೆ ನೂರು ಸೋಲು. ಆದರೆ 2009ರಲ್ಲಿ ಬ್ರಿಟನ್ನಿನ ಸಂಶೋಧಕರು ಮಿದುಳಿನ ಸ್ಕ್ಯಾನ್ ಮಾಡಿ ನೋಡಿದಾಗ, ಗೆದ್ದಾಗ ಚುರುಕಾಗುವ ಕೆಲವು ಭಾಗಗಳು ಈ ಸೋಲಿಗೂ ಚುರುಕಾಗಿದ್ದವು. ಮಜಾ ಅಂದರೆ, ಆಡಿದವರಿಗೆ ಅದು ಹಿತವಾಗಿಯೂ ಇರಲಿಲ್ಲ. ಕಿರಿಕಿರಿಯಾಯಿತು ಅಂದರು, ಮತ್ತೊಂದು ಆಟ ಬೇಕು ಅಂದರು. ಇನ್ನು ಇಪ್ಪತ್ತು ಹಾಕಿ ಐದು ಬಂದಾಗಲೂ ಸ್ಲಾಟ್ ಗಂಟೆ ಬಾರಿಸಿ, ದೀಪ ಮಿನುಗಿಸಿ ಅಭಿನಂದಿಸುತ್ತದಲ್ಲ, ಅದಂತೂ ಹದಿನೈದು ಕಿತ್ತುಕೊಂಡು ಬೆನ್ನು ತಟ್ಟಿದ ಹಾಗೆ.

ನನ್ನ ಹತ್ತಿರ ಬಂದ ಒಬ್ಬರ ವಿಷಯ ಹೇಳುತ್ತೇನೆ. (ಗುರುತು ಸಿಗಬಾರದು ಅಂತ ಎರಡು ಮೂರು ಜನರ ಕಥೆ ಬೆರೆಸಿದ್ದೇನೆ.) ‘ಹೋಗಿದೆ ಸಾರ್, ಬಂದೂ ಇದೆ, ಒಟ್ಟು ನೋಡಿದರೆ ಹೆಚ್ಚುಕಮ್ಮಿ ಸಮ’ ಅಂದರು. ಸುಳ್ಳು ಹೇಳುತ್ತಿರಲಿಲ್ಲ, ನಂಬಿದ್ದರು. ಮುಂದಿನ ಸಲ ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತರಲು ಹೇಳಿದೆ. ಎರಡು ಪೆನ್ನು ಕೊಟ್ಟೆ. ಹೋದದ್ದಕ್ಕೆ ಕೆಂಪು ಗೆರೆ, ಬಂದದ್ದಕ್ಕೆ ಹಸಿರು. ಮೊದಲ ಪುಟದಲ್ಲಿ ಮೂರು ಹಸಿರು ಬಿತ್ತು, ನನ್ನ ಮುಖ ನೋಡಿ ನಕ್ಕರು. ನಾಲ್ಕನೇ ಪುಟಕ್ಕೆ ಬರುವಷ್ಟರಲ್ಲಿ ಮಾತು ನಿಂತಿತ್ತು. ಒಂದು ರಾತ್ರಿ, ಒಂದು ಗಂಟೆಯಿಂದ ಎರಡೂವರೆಯೊಳಗೆ, ಹನ್ನೊಂದು ಕೆಂಪು. ಮುಂದೆ ಒಂದು ದೊಡ್ಡ ಹಸಿರು. ಅದು ಅವರಿಗೆ ಚೆನ್ನಾಗಿ ನೆನಪಿತ್ತು, ಅವತ್ತು ಏನು ಬಟ್ಟೆ ಹಾಕಿದ್ದೆ ಅಂತಲೂ ಹೇಳಿದರು. ಅದರ ಕೆಳಗೇ ಆರು ಕೆಂಪು. ಬೆಳಗಾಗುವಷ್ಟರಲ್ಲಿ ಗೆದ್ದದ್ದೆಲ್ಲ ಹೋಗಿತ್ತು. ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಹಾಕಿ, ‘ಈ ಆರು ನನಗೆ ನೆನಪೇ ಇಲ್ಲವಲ್ಲ’ ಅಂದರು.

ನೀವೂ ಇದನ್ನು ಮಾಡಿ. ಒಬ್ಬರೇ ಕೂತು ಮಾಡಬೇಡಿ, ಪಕ್ಕದಲ್ಲಿ ನಂಬಿಕೆಯವರು ಯಾರಾದರೂ ಇರಲಿ. ಕೆಳಗೆ ಒಂದು ಮೊತ್ತ ಬರುತ್ತದೆ. ನನ್ನ ಪ್ರಕಾರ ಜೂಜು ಬಿಡುವುದರಲ್ಲಿ ಅತಿ ಕಷ್ಟದ ಕೆಲಸ ಆ ಮೊತ್ತದ ಕೆಳಗೆ ಗೆರೆ ಎಳೆಯುವುದು. ಆಟದ ಆಸೆ ಕಾಲ ಕಳೆದಂತೆ ತಣ್ಣಗಾಗುತ್ತದೆ. ಹೋದ ದುಡ್ಡು ಇನ್ನೂ ನನ್ನದೇ, ಅಲ್ಲೆಲ್ಲೋ ಕಾಯುತ್ತಾ ಕೂತಿದೆ ಎಂಬ ಭಾವನೆ ಮಾತ್ರ ಬೇಗ ಸಾಯುವುದಿಲ್ಲ. ಕಳೆದುಕೊಂಡ ವಸ್ತುವನ್ನು ಕಳೆದುಕೊಂಡಲ್ಲೇ ಹುಡುಕುವುದು ಎಲ್ಲ ಕಡೆ ಬುದ್ಧಿವಂತಿಕೆ, ಇಲ್ಲಿ ಮಾತ್ರ ಅದೇ ಕಾಯಿಲೆ. ಆ ದುಡ್ಡು ಈಗ ಯಾರದೋ ಲಾಭದ ಲೆಕ್ಕದಲ್ಲಿದೆ. ದುಃಖ ಆಗುತ್ತದೆ, ಆಗಲಿ. ಸಾವಿನ ಮನೆಯಲ್ಲಿ ಅತ್ತ ಹಾಗೆ ಅತ್ತವರನ್ನು ನೋಡಿದ್ದೇನೆ, ಅವರಲ್ಲಿ ಎಷ್ಟೋ ಜನ ಆಮೇಲೆ ಚೇತರಿಸಿಕೊಂಡರು.

ಸಾಲ ಬೇರೆ, ಸೋಲು ಬೇರೆ. ಸಾಲ ತೀರಿಸಲೇಬೇಕು, ಸಂಬಳದಿಂದ, ಕಂತಿನಲ್ಲಿ, ನಿಧಾನವಾಗಿ. ಸೋಲನ್ನು ತೀರಿಸಬೇಕಾಗಿಲ್ಲ. ನಿಮ್ಮ ತಲೆಯಲ್ಲಿ ಎರಡೂ ಒಂದಾಗಿಬಿಟ್ಟಿವೆ.

ಈ ಸಲ ಅಣ್ಣ ಒಂದೇ ಏಟಿಗೆ ಸಾಲ ತೀರಿಸಬಾರದು. ಇದು ಕಲ್ಲು ಮನಸ್ಸಿನ ಮಾತು ಅನಿಸಬಹುದು. ಧರ್ಮರಾಯನ ಜೂಜು ಅಂದರೆ ನಮಗೆಲ್ಲ ನೆನಪಾಗುವುದು ಮೊದಲನೆಯದು. ಎರಡನೆಯದೂ ಇತ್ತು. ಮೊದಲ ಸಲ ಸೋತದ್ದನ್ನೆಲ್ಲ ಧೃತರಾಷ್ಟ್ರ ವಾಪಸ್ ಕೊಟ್ಟುಬಿಟ್ಟ. ಊರ ದಾರಿ ಹಿಡಿದಿದ್ದವರು ಮತ್ತೆ ಕರೆ ಬಂದದ್ದೇ ತಡ, ತಿರುಗಿ ಬಂದು ಕೂತರು. ಕಾಡಿಗೆ ಹೋಗಿದ್ದು ಆ ಎರಡನೇ ಆಟದಿಂದ. ಸಾಲ ಏಕಾಏಕಿ ಮಾಯವಾದರೆ ತಲೆಯ ಮೇಲಿನ ಭಾರ ಇಳಿಯುತ್ತದೆ, ಜೊತೆಗೆ ಬಿಡಬೇಕೆಂಬ ಒತ್ತಡವೂ ಇಳಿಯುತ್ತದೆ. ಅಣ್ಣ ನಿಜವಾಗಿ ಸಹಾಯ ಮಾಡಬೇಕೆಂದರೆ ನಿಮ್ಮ ಜೊತೆ ಕೂತು ಸಾಲದ ಪಟ್ಟಿ ಬರೆಯಲಿ, ಕೊಟ್ಟವರ ಹತ್ತಿರ ಕಂತು ಮಾತಾಡಲು ಜೊತೆಗೆ ಬರಲಿ. ದುಡ್ಡು ಕೊಟ್ಟರೂ ನಿಮ್ಮ ಕೈಗೆ ಕೊಡದೆ ನೇರವಾಗಿ ಸಾಲ ಕೊಟ್ಟವರಿಗೆ ಕಟ್ಟಲಿ. ಒಂದು ಸಾಲ ತೀರಿಸಲು ಇನ್ನೊಂದು ಆ್ಯಪ್‌ನಿಂದ ಸಾಲ ಎತ್ತುವುದನ್ನು ಇವತ್ತೇ ನಿಲ್ಲಿಸಿ.

ಹೆಂಡತಿಗೆ ಹೇಳುವ ಮಾತು. ನೀವು ಭಯಪಡುವುದು ಸಹಜ. ಆದರೆ ಗುಟ್ಟು ಇಟ್ಟುಕೊಂಡೇ ಜೂಜು ಬಿಟ್ಟವರು ಬಹಳ ಅಪರೂಪ. ಗುಟ್ಟು ಉಳಿದಷ್ಟು ದಿನ ‘ಅವಳಿಗೆ ಗೊತ್ತಾಗುವುದರೊಳಗೆ ಸರಿಮಾಡಬೇಕು’ ಎಂಬ ಆತುರ ಉಳಿಯುತ್ತದೆ, ಆ ಆತುರವೇ ರಾತ್ರಿ ಆ್ಯಪ್ ತೆರೆಸುತ್ತದೆ. ಹೇಳುವಾಗ ಪೂರ್ತಿ ಮೊತ್ತ ಹೇಳಿ. ಜನ ಸಾಮಾನ್ಯವಾಗಿ ಅರ್ಧ ಹೇಳಿ ನೋಡುತ್ತಾರೆ. ಉಳಿದರ್ಧ ಆಮೇಲೆ ಸಿಕ್ಕಿಬಿದ್ದಾಗ ಮೊದಲಿನದಕ್ಕಿಂತ ಜಾಸ್ತಿ ನೋವಾಗುತ್ತದೆ. ಜಗಳದ ಮಧ್ಯೆ, ಮಲಗುವ ಹೊತ್ತಲ್ಲಿ ಹೇಳಬೇಡಿ. ಸಾಲದ ಪಟ್ಟಿ ಕೈಯಲ್ಲಿರಲಿ, ವೈದ್ಯರನ್ನು ನೋಡುವ ದಿನ ನಿಗದಿಯಾಗಿರಲಿ. ಅವರು ಸಿಟ್ಟಾಗುತ್ತಾರೆ. ಸಿಟ್ಟಾಗಲು ಅವರಿಗೆ ಹಕ್ಕಿದೆ, ಅವತ್ತೇ ಕ್ಷಮೆ ಕೇಳಿ ಪಡೆದುಬಿಡುವ ಅವಸರ ಬೇಡ.

ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಗಟ್ಟಿ ಮನಸ್ಸು ಬೆಳಿಗ್ಗೆ ಹತ್ತಕ್ಕೆ ಎಲ್ಲರಿಗೂ ಇರುತ್ತದೆ. ರಾತ್ರಿ ಒಂದಕ್ಕೆ ಬೇಕಾಗಿರುವುದು ಅಡ್ಡಿಗಳು. ಸಂಬಳ ಬರುವ ಖಾತೆಯನ್ನು ಕೆಲವು ತಿಂಗಳು ಹೆಂಡತಿಯೋ ಅಣ್ಣನೋ ನೋಡಿಕೊಳ್ಳಲಿ, ನಿಮ್ಮ ಕೈಗೆ ದಿನದ ಖರ್ಚಿನಷ್ಟು ಮಾತ್ರ. ಕಾರ್ಡಿನ ವಿವರ ಎಲ್ಲಾ ಆ್ಯಪ್‌ಗಳಿಂದ ಅಳಿಸಿ, ವಹಿವಾಟಿನ ಮಿತಿ ಇಳಿಸಿ, ಜೂಜಿನ ಪಾವತಿಗಳನ್ನು ತಡೆಯುವ ಸೌಲಭ್ಯ ನಿಮ್ಮ ಬ್ಯಾಂಕಿನಲ್ಲಿದ್ದರೆ ಹಾಕಿಸಿ. ಖಾತೆ ಮುಚ್ಚುವಾಗ ‘ನನ್ನನ್ನು ಮತ್ತೆ ಸೇರಿಸಬೇಡಿ’ ಎಂಬ ಸ್ವಯಂ ನಿಷೇಧದ ಆಯ್ಕೆ ಇದ್ದರೆ ಅತಿ ಉದ್ದದ ಅವಧಿಯನ್ನೇ ಆರಿಸಿ. ಜೂಜಿನ ತಾಣಗಳನ್ನು ತಡೆಯುವ ಸಾಫ್ಟ್‌ವೇರ್ ಹಾಕಿ, ಪಾಸ್‌ವರ್ಡ್ ಇನ್ನೊಬ್ಬರ ಹತ್ತಿರ ಇರಲಿ. ಟಿಪ್ಸ್ ಕೊಡುವ ಗುಂಪುಗಳಿಂದ ಹೊರಗೆ ಬನ್ನಿ. ಫೋನು ರಾತ್ರಿ ಬೇರೆ ಕೋಣೆಯಲ್ಲಿ ಚಾರ್ಜ್ ಆಗಲಿ. ಇವನ್ನೆಲ್ಲ ದಾಟುವುದು ಸಾಧ್ಯವೇ? ಸಾಧ್ಯ. ಆದರೆ ಆಡಬೇಕೆಂಬ ತುಡಿತ ಅಲೆಯ ಹಾಗೆ. ಏರುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯಲು ಶುರುವಾಗುತ್ತದೆ. ಅಡ್ಡಿಗಳ ಕೆಲಸ ಆ ಅರ್ಧ ಗಂಟೆ ಕಳೆಸುವುದು, ಅಷ್ಟೇ.

ಚಿಕಿತ್ಸೆ ಅಂದರೆ ಏನು ಮಾಡುತ್ತಾರೆ? ಮುಖ್ಯವಾಗಿ ಮಾತು. ಅರಿವು ಮತ್ತು ವರ್ತನೆಯ ಚಿಕಿತ್ಸೆ, ಸಿಬಿಟಿ ಅಂತ ಕರೆಯುತ್ತಾರೆ, ಇದಕ್ಕೆ ಒಳ್ಳೆಯ ಆಧಾರವಿದೆ. ಯಾವ ಹೊತ್ತಿನಲ್ಲಿ, ಯಾವ ಮೂಡಿನಲ್ಲಿ ಕೈ ಹೋಗುತ್ತದೆ, ‘ಇನ್ನು ಬರಲೇಬೇಕು’ ಎಂಬ ಯೋಚನೆ ಹೇಗೆ ಹುಟ್ಟುತ್ತದೆ, ಆಗ ಬೇರೆ ಏನು ಮಾಡಬಹುದು ಎಂದು ವಾರ ವಾರ ಕೂತು ಬಿಡಿಸುತ್ತಾರೆ. ಜೂಜಿಗೆಂದೇ ಒಪ್ಪಿಗೆ ಪಡೆದ ಮಾತ್ರೆ ಇಲ್ಲ. ಕುಡಿತಕ್ಕೆ ಕೊಡುವ ನಾಲ್ಟ್ರೆಕ್ಸೋನ್ ಕೆಲವರಲ್ಲಿ ತುಡಿತ ಕಡಿಮೆ ಮಾಡುತ್ತದೆ, ಅದನ್ನು ವೈದ್ಯರು ನೋಡಿ ನಿರ್ಧರಿಸಬೇಕು. ಖಿನ್ನತೆ, ಆತಂಕ ಜೊತೆಗಿದ್ದರೆ ಅದಕ್ಕೂ ಚಿಕಿತ್ಸೆ ಬೇಕು, ಇಲ್ಲದಿದ್ದರೆ ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿದ ಹಾಗೆ. ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಪಾರ್ಕಿನ್‌ಸನ್ ಕಾಯಿಲೆಗೆ ಕೊಡುವ ಪ್ರಮಿಪೆಕ್ಸೋಲ್, ರೋಪಿನಿರೋಲ್ ತರಹದ ಮಾತ್ರೆಗಳು ಕೆಲವರಲ್ಲಿ ಹೊಸದಾಗಿ ಜೂಜಿನ ಗೀಳು ಹುಟ್ಟಿಸುತ್ತವೆ. ಮನೋರೋಗಗಳಿಗೆ ಕೊಡುವ ಅರಿಪಿಪ್ರಜೋಲ್ ಬಗ್ಗೆಯೂ ಅಮೆರಿಕದ ಔಷಧ ನಿಯಂತ್ರಕರು 2016ರಲ್ಲಿ ಎಚ್ಚರಿಸಿದ್ದಾರೆ. ಅರವತ್ತು ದಾಟಿದ ತಂದೆ ಇದ್ದಕ್ಕಿದ್ದಂತೆ ಜೂಜಿಗೆ ಬಿದ್ದರೆ ಬೈಯುವ ಮೊದಲು ಮಾತ್ರೆಯ ಚೀಟಿ ನೋಡಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸದೆ ಬರೆದುಕೊಟ್ಟ ವೈದ್ಯರಿಗೆ ತಿಳಿಸಿ.

ಜೂಜು ಬಿಡಬೇಕೆನ್ನುವವರು ಒಬ್ಬರಿಗೊಬ್ಬರು ನೆರವಾಗುವ ಗುಂಪು, 1957ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ ಗ್ಯಾಂಬ್ಲರ್ಸ್ ಅನಾನಿಮಸ್, ಈಗ ಹಲವು ದೇಶಗಳಲ್ಲಿದೆ, ಫೋನಿನಲ್ಲೇ ಸೇರಬಹುದಾದ ಸಭೆಗಳೂ ಇವೆ. ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಾಗಿಲ್ಲ. ಮನೆಯವರಿಗೆ ಗ್ಯಾಮ್ ಅನಾನ್ ಎಂಬ ಪ್ರತ್ಯೇಕ ಗುಂಪಿದೆ. ಎಲ್ಲರಿಗೂ ಒಗ್ಗುತ್ತದೆ ಅಂತಲ್ಲ. ಆದರೆ ನಿಮ್ಮ ಸುಳ್ಳನ್ನು ನಾಲ್ಕೇ ಸೆಕೆಂಡಿನಲ್ಲಿ ಹಿಡಿಯುವವರು, ಹಿಡಿದೂ ಬೈಯದವರು, ನಿಮಗೆ ಅಲ್ಲೇ ಸಿಗುವುದು.

ಈಗ ಎಲ್ಲಕ್ಕಿಂತ ಮುಖ್ಯ ವಿಷಯ. ಸಾಲ, ನಾಚಿಕೆ, ಒಂಟಿ ರಾತ್ರಿ ಈ ಮೂರೂ ಸೇರಿದಾಗ ಸಾಯುವ ಯೋಚನೆ ಬರಬಹುದು. ಜೂಜಿನ ತೊಂದರೆ ಇರುವವರಲ್ಲಿ ಆತ್ಮಹತ್ಯೆಯ ಅಪಾಯ ಉಳಿದವರಿಗಿಂತ ಜಾಸ್ತಿ. ಅಂಥ ಯೋಚನೆ ಬಂದರೆ ಅಪಾಯಿಂಟ್‌ಮೆಂಟ್ ದಿನಕ್ಕೆ ಕಾಯಬೇಡಿ. ಒಂಟಿಯಾಗಿ ಇರಬೇಡಿ. ಯಾರನ್ನಾದರೂ ಎಬ್ಬಿಸಿ, ಸಹಾಯವಾಣಿಗೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಮನೆಯವರೂ ಹೆದರದೆ ನೇರವಾಗಿ ಕೇಳಿ, ‘ಸಾಯಬೇಕು ಅನಿಸುತ್ತಿದೆಯಾ?’ ಎಂದು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ.

ಇದನ್ನು ಓದುತ್ತಿರುವ ಬೇರೆಯವರಿಗೆ, ಅಂದರೆ ಯಾವಾಗಲೋ ಒಮ್ಮೆ ಕಾನೂನು ಬಿಡುವ ಕಡೆ ಆಡಿ ಮರೆಯುವವರಿಗೆ, ಒಂದು ಅಳತೆ ಹೇಳಬಹುದು. 2021ರಲ್ಲಿ ಕೆನಡಾದ ತಜ್ಞರು ಹಾನಿ ಕಡಿಮೆ ಇರುವ ಗಡಿ ಗೊತ್ತುಮಾಡಿದರು: ತಿಂಗಳಿಗೆ ಮನೆಯ ಆದಾಯದ 1 ಶೇಕಡಾ ಮೀರಬಾರದು, ತಿಂಗಳಲ್ಲಿ 4 ದಿನ ಮೀರಬಾರದು, ಎರಡಕ್ಕಿಂತ ಹೆಚ್ಚು ಬಗೆಯ ಆಟ ಅಭ್ಯಾಸವಾಗಬಾರದು. ಮೂರನ್ನೂ ಒಟ್ಟಿಗೇ ಪಾಲಿಸಬೇಕು. ಹೋದರೆ ಸಿನಿಮಾ ಟಿಕೆಟಿನ ದುಡ್ಡು ಹೋದ ಹಾಗೆ ಅನಿಸಬೇಕು. ಸಾಲದ ದುಡ್ಡಲ್ಲಿ, ಕುಡಿದಾಗ, ಮನಸ್ಸು ಕೆಟ್ಟಾಗ ಆಡಲೇಬಾರದು. ಎಷ್ಟು ಆಡುತ್ತೀರಿ ಎಂಬುದರ ಬಗ್ಗೆ ಹತ್ತಿರದವರಿಗೆ ಎಂದಾದರೂ ಸುಳ್ಳು ಹೇಳಿದ್ದೀರಾ, ದಿನ ಹೋದಂತೆ ಜಾಸ್ತಿ ಜಾಸ್ತಿ ಕಟ್ಟಬೇಕು ಅನಿಸಿದೆಯಾ? ಈ ಎರಡರಲ್ಲಿ ಒಂದಕ್ಕೆ ಹೌದು ಅಂದರೂ ಒಮ್ಮೆ ವೈದ್ಯರ ಜೊತೆ ಮಾತಾಡುವುದು ಒಳ್ಳೆಯದು. ವಾಪಸ್ ಗೆಲ್ಲಬೇಕು ಅನಿಸಿದ ದಿನ ನಿಮಗೂ ಈ ಅಳತೆ ಮುಗಿಯಿತು ಅಂತ ತಿಳಿಯಿರಿ.

ಮತ್ತೆ ನಿಮ್ಮ ವಿಷಯಕ್ಕೆ. ಮಧ್ಯೆ ಒಮ್ಮೆ ಜಾರಬಹುದು. ಹೋದ ಸಲ ನಾಲ್ಕು ತಿಂಗಳು ಬಿಟ್ಟಿದ್ದಿರಿ, ಅದು ಸಣ್ಣ ಮಾತಲ್ಲ. ಐದನೇ ತಿಂಗಳ ಆ ಮೊದಲ ದಿನ ಏನಾಗಿತ್ತು ಎಂದು ನೆನಪು ಮಾಡಿಕೊಂಡು ಬರೆದಿಡಿ. ಬೋನಸ್ ಬಂದಿತ್ತಾ, ಜಗಳ ಆಗಿತ್ತಾ, ಯಾರೋ ಸ್ನೇಹಿತ ಗೆದ್ದ ಸ್ಕ್ರೀನ್‌ಶಾಟ್ ಕಳಿಸಿದ್ದರಾ? ವೈದ್ಯರಿಗೆ ಅದು ಬಹಳ ಉಪಯೋಗಕ್ಕೆ ಬರುತ್ತದೆ. ಮನೋವೈದ್ಯರ ಹತ್ತಿರವೋ ವ್ಯಸನ ಚಿಕಿತ್ಸಾ ಕೇಂದ್ರಕ್ಕೋ ಈ ವಾರವೇ ಹೋಗಿ. ಆ ಬರೆದ ಹಾಳೆ, ಗೆರೆ ಹಾಕಿದ ಸ್ಟೇಟ್‌ಮೆಂಟ್, ಸಾಲದ ಪಟ್ಟಿ, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರು, ಇಷ್ಟು ಜೊತೆಗಿರಲಿ. ಹೆಂಡತಿ ಬರುತ್ತೇನೆಂದರೆ ಕರೆದುಕೊಂಡು ಹೋಗಿ. ಬರಲ್ಲ ಅಂದರೆ ಒಬ್ಬರೇ ಹೋಗಿ.